ಸಿರಾಮಿಕ್ ಪೊರೆಯ ಆಮ್ಲಜನಕದಲ್ಲಿ ಸಾರಜನಕ: ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವ ಬಗೆ

ಕುಲುಮೆ 850 ಡಿಗ್ರಿಯಲ್ಲಿ ಅಲುಗಾಡದೆ ನಿಂತಿದೆ. ಸಿರಾಮಿಕ್ ಕೊಳವೆಯ ಹೊರಮೈಗೆ ಗಾಳಿ ಹರಿಯುತ್ತಿದೆ, ಒಳಗಿನಿಂದ ನಿರ್ವಾತ ಪಂಪು ಆಮ್ಲಜನಕ ಎಳೆಯುತ್ತಿದೆ. ಆಮ್ಲಜನಕವನ್ನಷ್ಟೇ ದಾಟಿಸುವ ಪೊರೆ ಎಂದರೆ ಈ ಕೊಳವೆಯ ಗೋಡೆಯೇ. ನಿನ್ನೆ ಸಂಜೆ ಮನೆಗೆ ಹೊರಡುವಾಗ ಶುದ್ಧತೆ ಶೇ. 99.6 ಇತ್ತು. ಬೆಳಿಗ್ಗೆ ಬಂದು ನೋಡಿದರೆ 94. ಉಳಿದ ಆರು ಪಾಲು ಹೆಚ್ಚುಕಡಿಮೆ ಪೂರಾ ಸಾರಜನಕ. ಲ್ಯಾಬಿನಲ್ಲಿ ಎಲ್ಲರದೂ ಒಂದೇ ಮಾತು: "ಪೊರೆ ಹೋಯ್ತು ಸರ್."

ಹೋಗಿರಲಿಕ್ಕಿಲ್ಲ. ಈ ದೋಷವನ್ನು ನಾನು ಹಲವು ಸಲ ಬೆನ್ನಟ್ಟಿದ್ದೇನೆ. ಕೊಳವೆಯೇ ತಪ್ಪಿತಸ್ಥ ಎಂದು ಕೊನೆಗೆ ಸಾಬೀತಾದದ್ದು ತೀರಾ ಕಡಿಮೆ. ಹಾಗಿದ್ದೂ ಪ್ರತಿಸಲ ಕುಲುಮೆ ಆರಿಸಿ, ಎರಡು ದಿನ ತಣ್ಣಗಾಗಲು ಬಿಟ್ಟು, ಕೊಳವೆ ಹೊರಗೆ ಎಳೆದು ನೋಡುವ ಚಪಲ. ಎಳೆಯುವ ಭರದಲ್ಲಿ ಚೆನ್ನಾಗಿದ್ದ ಕೊಳವೆಯೇ ಮುರಿಯುತ್ತದೆ, ಆಮೇಲೆ "ನೋಡಿ, ಒಡೆದಿತ್ತು" ಎಂದು ಸಮಾಧಾನ. ಕುಲುಮೆ ಬಿಸಿ ಇರುವಾಗಲೇ ಪ್ರಶ್ನೆ ಕೇಳುವುದು ಹೇಗೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಸಾರಜನಕಕ್ಕೆ ದಾರಿಯೇ ಇಲ್ಲದ ಗೋಡೆ

ಇದು ಜರಡಿಯಲ್ಲ. ಬಿಎಸ್‌ಸಿಎಫ್ ಎಂದು ನಾವು ಕರೆಯುವ ಬೇರಿಯಂ, ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣಗಳ ಆಕ್ಸೈಡಾಗಲಿ, ಬೇರಿಯಂ ಬದಲು ಲ್ಯಾಂಥನಂ ಇರುವ ಎಲ್‌ಎಸ್‌ಸಿಎಫ್ ಆಗಲಿ, ಚೆನ್ನಾಗಿ ಸುಟ್ಟಾಗ ಗಾಜಿನಷ್ಟೇ ಒತ್ತಾದ ವಸ್ತು. ಅದರ ಹರಳಿನೊಳಗೆ ಆಮ್ಲಜನಕ ಇರಬೇಕಾದ ಕೆಲವು ಜಾಗಗಳು ಖಾಲಿ ಇರುತ್ತವೆ. 800–900 ಡಿಗ್ರಿಯಲ್ಲಿ ಗಾಳಿಯ ಆಮ್ಲಜನಕ ಮೇಲ್ಮೈಯಲ್ಲಿ ಎಲೆಕ್ಟ್ರಾನು ಪಡೆದು ಅಯಾನಾಗುತ್ತದೆ, ಖಾಲಿ ಜಾಗದಿಂದ ಖಾಲಿ ಜಾಗಕ್ಕೆ ಜಿಗಿಯುತ್ತಾ ಆಚೆ ಬದಿಗೆ ಹೋಗಿ ಮತ್ತೆ ಅನಿಲವಾಗುತ್ತದೆ. ಎಲೆಕ್ಟ್ರಾನುಗಳು ಅದೇ ಗೋಡೆಯೊಳಗೆ ವಾಪಸು ಬರುತ್ತವೆ, ಹೊರಗಿನಿಂದ ತಂತಿ ಬೇಕಿಲ್ಲ. ಎರಡು ಬದಿಯ ಆಮ್ಲಜನಕದ ಆಂಶಿಕ ಒತ್ತಡದಲ್ಲಿ (ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲು) ವ್ಯತ್ಯಾಸ ಇದ್ದರೆ ಸಾಕು. ಜಪಾನಿನ ತೆರಾವೋಕ ಮತ್ತು ಸಂಗಡಿಗರು ಈ ಬಗೆಯ ವಸ್ತುಗಳಲ್ಲಿ ಇದನ್ನು ತೋರಿಸಿದ್ದು 1985ರಲ್ಲಿ.

ಸಾರಜನಕಕ್ಕೆ ಈ ಗೋಡೆಯಲ್ಲಿ ದಾರಿಯೇ ಇಲ್ಲ. ಪಾಲಿಮರ್ ಪೊರೆಯಲ್ಲಾದರೆ ಸ್ವಲ್ಪ ಸಾರಜನಕ ಹೇಗೂ ದಾಟುತ್ತದೆ. ಅದು ಪೊರೆಯ ಗುಣವೋ ಸೋರಿಕೆಯೋ ಎಂದು ತಲೆ ಕೆರೆದುಕೊಳ್ಳಬೇಕು. ಇಲ್ಲಿ ಆ ಗೊಂದಲವಿಲ್ಲ. ಉತ್ಪನ್ನದಲ್ಲಿ ಕಂಡ ಪ್ರತಿಯೊಂದು ಸಾರಜನಕದ ಅಣುವೂ ಎಲ್ಲೋ ಒಂದು ಕಡೆ ನುಸುಳಿ ಬಂದದ್ದು. ಎಲ್ಲಿ ನುಸುಳಿತು ಎನ್ನುವುದಷ್ಟೇ ಪ್ರಶ್ನೆ.

ಆರು ಪಾಲು ಸಾರಜನಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಬೇಕು. ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ಬರುವುದು ಗಾಳಿಯನ್ನು ದ್ರವವಾಗುವಷ್ಟು ತಣ್ಣಗೆ ಮಾಡಿ ಬಟ್ಟಿ ಇಳಿಸುವ ಘಟಕಗಳಿಂದ. ಆಮ್ಲಜನಕ ಕುದಿಯುವುದು ಮೈನಸ್ 183 ಡಿಗ್ರಿಗೆ, ಸಾರಜನಕ ಮೈನಸ್ 196ಕ್ಕೆ. ಈ ಹದಿಮೂರು ಡಿಗ್ರಿಯ ಅಂತರದಲ್ಲಿ ಅವನ್ನು ಬೇರ್ಪಡಿಸಲು ಟನ್ ಆಮ್ಲಜನಕಕ್ಕೆ 200 ಯೂನಿಟ್‌ನಷ್ಟು ಕರೆಂಟು ಬೇಕು. ತಾತ್ವಿಕವಾಗಿ ಸಾಕಾಗುವುದು ಸುಮಾರು 53 ಯೂನಿಟ್. ಕಾರ್ಖಾನೆಯಲ್ಲಿ ಹೇಗೂ ಇರುವ ಬಿಸಿಯನ್ನು ಬಳಸಿಕೊಂಡರೆ ಸಿರಾಮಿಕ್ ಪೊರೆಗೆ ಕರೆಂಟು ಬೇಕಾಗುವುದು ಮುಖ್ಯವಾಗಿ ಪಂಪಿಗೆ: 0.05 ಬಾರ್‌ನಿಂದ ಒಂದು ಬಾರ್‌ಗೆ ಎತ್ತಲು ಆದರ್ಶ ಲೆಕ್ಕದಲ್ಲಿ ಟನ್ನಿಗೆ 64 ಯೂನಿಟ್. ನಿಜವಾದ ಪಂಪು ಅದರ ಎರಡು ಮೂರು ಪಟ್ಟು ತಿನ್ನುತ್ತದೆ. ಅಲ್ಲಿಗೆ ಉಳಿತಾಯದ ಅಂಚು ಅಷ್ಟೇನೂ ಅಗಲವಿಲ್ಲ. ಸೋರಿ ಬಂದ ಸಾರಜನಕವನ್ನೂ ಅದೇ ಪಂಪು ಎತ್ತಬೇಕು. ಇನ್ನೊಂದು ಮಾತು: ಶುದ್ಧತೆ 94ಕ್ಕೆ ಇಳಿದರೆ ಆಸ್ಪತ್ರೆಗಳ ಹಿತ್ತಲಲ್ಲಿ 2021ರ ನಂತರ ಬಂದು ಕೂತ ಪಿಎಸ್‌ಎ ಘಟಕಕ್ಕೂ (ಒತ್ತಡ ಏರಿಳಿಸಿ ಗಾಳಿಯ ಸಾರಜನಕವನ್ನು ಹೀರಿ ತೆಗೆಯುವ ಯಂತ್ರ) ನಮಗೂ ವ್ಯತ್ಯಾಸವೇನು? ಅದು 93 ಕೊಡುತ್ತದೆ, ಕುಲುಮೆಯ ಹಂಗಿಲ್ಲದೆ.

ಮೊದಲು ಅಂಕಿಯನ್ನು ಅನುಮಾನಿಸಿ

ಬೆಳಿಗ್ಗೆಯ 94 ಎಂಬ ಅಂಕಿ ನಿಜವೇ? ಜಿಸಿಗೆ (ಗ್ಯಾಸ್ ಕ್ರೊಮಟೊಗ್ರಾಫ್, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಹೋಗುವ ಸ್ಯಾಂಪಲ್ ಲೈನನ್ನು ಪೊರೆಯಿಂದ ಬಿಡಿಸಿ, ಸಿಲಿಂಡರಿನ ಶುದ್ಧ ಆಮ್ಲಜನಕವನ್ನು ಅಥವಾ ಹೀಲಿಯಂ ಅನ್ನು ನೇರವಾಗಿ ಅದೇ ಲೈನಿಗೆ ಕೊಡಿ. ಆಗಲೂ ಸಾರಜನಕ ಕಂಡರೆ ಪೊರೆಯ ಸುದ್ದಿ ಎತ್ತಲೇಬೇಡಿ; ಜಿಸಿಯ ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ತೂತಾಗಿದೆ, ಇಲ್ಲವೇ ಸ್ಯಾಂಪಲ್ ಲೂಪಿನ ನಟ್ಟು ಸಡಿಲವಾಗಿದೆ. ಸಿರಿಂಜಿನಲ್ಲಿ ಸ್ಯಾಂಪಲ್ ತೆಗೆದುಕೊಂಡು ಹೋಗಿ ಚುಚ್ಚುವವರು ಸೂಜಿಯ ತುದಿಯಲ್ಲಿ ಸ್ವಲ್ಪ ಗಾಳಿಯನ್ನೂ ಹೊತ್ತೊಯ್ಯುತ್ತಾರೆ. ಅದು ಪ್ರತಿಸಲ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಮೂರು ಸಲ ಚುಚ್ಚಿದಾಗ ಮೂರು ಬೇರೆ ಉತ್ತರ ಬಂದರೆ ಅನುಮಾನ ಸೂಜಿಯ ಮೇಲೆ.

ಆರ್ಗಾನ್ ಒಂದು ಪೀಡೆ. ಜಿಸಿಯೊಳಗೆ ಅನಿಲಗಳನ್ನು ಬೇರ್ಪಡಿಸುವ ಮಾಲಿಕ್ಯುಲರ್ ಸೀವ್ 5ಎ ಕಾಲಂನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಆಮ್ಲಜನಕ ಮತ್ತು ಆರ್ಗಾನ್ ಒಟ್ಟಿಗೇ ಹೊರಬರುತ್ತವೆ, ಒಂದೇ ಶಿಖರವಾಗಿ. ನಿರ್ವಾತದ ಬದಲು ಪೊರೆಯ ಒಳಗೆ ಆರ್ಗಾನ್ ಸ್ವೀಪ್ (ದಾಟಿ ಬಂದ ಆಮ್ಲಜನಕವನ್ನು ಹೊತ್ತೊಯ್ಯುವ ಅನಿಲ) ಹರಿಸಿ, ಜಿಸಿಯಲ್ಲಿ ಹೀಲಿಯಂ ಕ್ಯಾರಿಯರ್ (ಸ್ಯಾಂಪಲನ್ನು ಕಾಲಂ ಮೂಲಕ ತಳ್ಳುವ ಅನಿಲ) ಇಟ್ಟುಕೊಂಡರೆ ಆರ್ಗಾನಿನ ಗುಡ್ಡದ ಕೆಳಗೆ ಆಮ್ಲಜನಕ ಹೂತುಹೋಗುತ್ತದೆ. ಕ್ಯಾರಿಯರ್ ಕೂಡ ಆರ್ಗಾನ್ ಮಾಡಿಕೊಳ್ಳಿ, ಗುಡ್ಡ ಮಾಯ. ಪಿಎಸ್‌ಎ ಆಮ್ಲಜನಕವನ್ನು ಈ ಕಾಲಂಗೆ ಕೊಟ್ಟು "99 ಬಂತು" ಎಂದು ಖುಷಿಪಟ್ಟವರನ್ನು ನೋಡಿದ್ದೇನೆ. ಅದರಲ್ಲಿ ನಾಲ್ಕೂವರೆ ಪಾಲಿನಷ್ಟು ಆರ್ಗಾನ್ ಆಮ್ಲಜನಕದ ವೇಷ ಹಾಕಿಕೊಂಡು ಕೂತಿರುತ್ತದೆ.

ಬೆಂಗಳೂರಿನವರಿಗೆ ಒಂದು ವಿಶೇಷ ಎಚ್ಚರಿಕೆ. ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್. ಆಂಶಿಕ ಒತ್ತಡವನ್ನು ಅಳೆಯುವ ಜಿರ್ಕೋನಿಯಾ ಸಂವೇದಕಕ್ಕೆ ಒತ್ತಡದ ತಿದ್ದುಪಡಿ ಹಾಕದಿದ್ದರೆ ಬಯಲಿನ ಗಾಳಿಗೂ 20.9 ಬದಲು 19 ತೋರಿಸುತ್ತದೆ. ಹರಿವು ಅಳೆಯಲು ಸೋಪಿನ ಗುಳ್ಳೆಯ ಮೀಟರ್ ಬಳಸುವವರು ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ. 27 ಡಿಗ್ರಿಯಲ್ಲಿ, 0.91 ಬಾರ್‌ನಲ್ಲಿ ಓದಿದ 100 ಮಿ.ಲೀ. ಅನ್ನು ಸೊನ್ನೆ ಡಿಗ್ರಿ, ಒಂದು ವಾತಾವರಣಕ್ಕೆ ಇಳಿಸಿದರೆ ಸುಮಾರು 82. ಒಣ ಅನಿಲ ಸೋಪಿನ ನೀರಿನ ಮೇಲೆ ಹಾಯುವಾಗ ಹೀರಿಕೊಳ್ಳುವ ಆವಿಯನ್ನೂ ಕಳೆದರೆ 78ರ ಹತ್ತಿರ. ಚೆನ್ನೈನ ಗೆಳೆಯರ ಅಂಕಿಗೂ ನಮ್ಮದಕ್ಕೂ ತಾಳೆಯಾಗುತ್ತಿಲ್ಲ ಎಂದು ವಾರಗಟ್ಟಲೆ ಒದ್ದಾಡಿದ್ದು ಕೊನೆಗೆ ಇದೇ ತಿದ್ದುಪಡಿಯಲ್ಲಿ ಮುಗಿದದ್ದುಂಟು.

ನಿರ್ವಾತ ಬಳಸುವವರಿಗೆ ಎತ್ತರ ಇನ್ನೊಂದು ರೀತಿಯಲ್ಲೂ ತಟ್ಟುತ್ತದೆ. ಪೊರೆ ತೆಳ್ಳಗಿನದಲ್ಲದಿದ್ದರೆ ಅದನ್ನು ದಾಟುವ ಹರಿವು ಎರಡು ಬದಿಯ ಆಂಶಿಕ ಒತ್ತಡಗಳ ಅನುಪಾತದ ಲಾಗರಿತಮ್‌ ಅನ್ನು ಹಿಂಬಾಲಿಸುತ್ತದೆ. ಒಳಗೆ 0.05 ಬಾರ್ ಇಟ್ಟರೆ ಮಂಗಳೂರಿನಲ್ಲಿ ಸಿಗುವುದಕ್ಕಿಂತ ಇಲ್ಲಿ ಶೇ. 7ರಷ್ಟು ಕಡಿಮೆ ಸಿಗುತ್ತದೆ, ಯಾವ ದೋಷವೂ ಇಲ್ಲದೆ. ಎರಡೂ ಬದಿ ವಾತಾವರಣದ ಒತ್ತಡದಲ್ಲೇ ಇದ್ದು ಸ್ವೀಪ್ ಅನಿಲ ಹರಿಸುವವರಿಗೆ ಈ ವ್ಯತ್ಯಾಸ ಬರುವುದಿಲ್ಲ, ಅನುಪಾತದಲ್ಲಿ ಎತ್ತರ ಕಳೆದುಹೋಗುತ್ತದೆ.

ನಮ್ಮ ಅವತ್ತಿನ ಪ್ರಸಂಗದಲ್ಲಿ ಜಿಸಿ ನಿರಪರಾಧಿ. ಸಿಲಿಂಡರಿನ ಆಮ್ಲಜನಕಕ್ಕೆ ಅದು ಸಾರಜನಕವನ್ನೇ ತೋರಿಸಲಿಲ್ಲ.

ಒಳಸೋರಿಕೆಯೋ ಹೊರಸೋರಿಕೆಯೋ

ಈ ಕೈಪಿಡಿಯಲ್ಲಿ ಒಂದೇ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. ಸಾರಜನಕ ಬರಲು ಎರಡೇ ಮೂಲ: ಪೊರೆಯ ಹೊರಮೈಗೆ ನಾವೇ ಕೊಡುತ್ತಿರುವ ಗಾಳಿ (ಫೀಡ್), ಅಥವಾ ಕೋಣೆಯ ಗಾಳಿ. ಮೊದಲನೆಯದು ಬಿರುಕಿನಿಂದಲೋ, ಕೊಳವೆಯನ್ನು ಅದರ ಹಿಡಿಕೆಗೆ ಕೂಡಿಸುವ ಸೀಲಿನಿಂದಲೋ ಅಡ್ಡದಾಟಿ ಬರುತ್ತದೆ. ಎರಡನೆಯದು ಪಂಪಿನವರೆಗಿನ ಲೈನಿನಲ್ಲಿ ಎಲ್ಲೋ ಫಿಟ್ಟಿಂಗಿನ ಮೂಲಕ ಒಳನುಗ್ಗುತ್ತದೆ. ಎರಡೂ ಜಿಸಿಯಲ್ಲಿ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸಲು ಫೀಡ್ ಗಾಳಿಯನ್ನು ನಿಲ್ಲಿಸಿ ಅದರ ಜಾಗದಲ್ಲಿ ಸಿಲಿಂಡರಿನ ಆಮ್ಲಜನಕ ಹರಿಸಿ. ಹೊರಗಿನ ಕವಚದಲ್ಲಿ ಉಳಿದ ಗಾಳಿ ತೊಳೆದುಹೋಗುವಷ್ಟು ಕಾಯಿರಿ. ಕವಚದ ಗಾತ್ರ ನಾಲ್ಕು ಲೀಟರ್, ಹರಿವು ನಿಮಿಷಕ್ಕೆ ಒಂದು ಲೀಟರ್ ಆಗಿದ್ದರೆ ಇಪ್ಪತ್ತು ನಿಮಿಷ. ಆಮೇಲೆ ಜಿಸಿ ನೋಡಿ.

ಸಾರಜನಕ ಮಾಯವಾದರೆ ಅದು ಬರುತ್ತಿದ್ದುದು ಫೀಡಿನಿಂದ: ಸೀಲು ಅಥವಾ ಕೊಳವೆ. ಇದ್ದಷ್ಟೇ ಇದ್ದರೆ ಕೋಣೆಯಿಂದ. ಅರ್ಧ ಇಳಿದರೆ ಎರಡೂ ಇವೆ, ಎರಡನ್ನೂ ಹುಡುಕಿ.

ಆಮ್ಲಜನಕ ಹರಿಸುವ ಮುನ್ನ ಒಂದು ಕ್ಷಣ ನಿಲ್ಲಿ. ಆ ಲೈನಿನಲ್ಲಿ ಎಲ್ಲೂ ಎಣ್ಣೆ, ಗ್ರೀಸ್ ಇರಬಾರದು. ನಿರ್ವಾತ ಪಂಪಿನಲ್ಲಿ ಮಾಮೂಲಿ ಖನಿಜ ತೈಲ ಇದ್ದರೆ ಶುದ್ಧ ಆಮ್ಲಜನಕ ಎಳೆಯುವುದು ಅಪಾಯ. ಫ್ಲೋರಿನ್‌ಯುಕ್ತ ಎಣ್ಣೆಯ ಪಂಪು ಅಥವಾ ಎಣ್ಣೆಯಿಲ್ಲದ ಡಯಾಫ್ರಾಂ ಪಂಪೇ ಬೇಕು. ಇದನ್ನು ದೋಷ ಹುಡುಕುವ ಹೊತ್ತಿನಲ್ಲಲ್ಲ, ಪಂಪು ಕೊಳ್ಳುವಾಗಲೇ ನೋಡಿಕೊಳ್ಳಬೇಕಿತ್ತು ಅನ್ನಿ.

ಕೋಣೆಯ ಗಾಳಿ ಎಂದು ಗೊತ್ತಾದ ಮೇಲೆ ಜಾಗ ಹುಡುಕಲು ಸೋಪಿನ ನೀರು ಬೇಡ. ಲೈನು ನಿರ್ವಾತದಲ್ಲಿದ್ದಾಗ ಗುಳ್ಳೆ ಏಳುವುದಿಲ್ಲ, ಬದಲಿಗೆ ಸೋಪೇ ಒಳಗೆ ಹೋಗುತ್ತದೆ. ತರಕಾರಿ ತರುವ ತೆಳು ಪ್ಲಾಸ್ಟಿಕ್ ಕವರ್ ತೆಗೆದುಕೊಳ್ಳಿ. ಅನುಮಾನದ ಫಿಟ್ಟಿಂಗಿಗೆ ಸುತ್ತಿ, ಎರಡೂ ಕಡೆ ರಬ್ಬರ್ ಬ್ಯಾಂಡ್ ಹಾಕಿ, ಒಳಗೆ ನಿಧಾನವಾಗಿ ಆರ್ಗಾನ್ ತುಂಬಿ. ಸಾರಜನಕ ಇಳಿಯತೊಡಗಿದರೆ ಕಳ್ಳ ಆ ಕವರಿನಲ್ಲೇ ಇದ್ದಾನೆ. ಒಂದೊಂದೇ ಫಿಟ್ಟಿಂಗಿಗೆ ಹೀಗೆ ಮಾಡುತ್ತಾ ಹೋಗುವುದು ಬೇಸರದ ಕೆಲಸ, ಆದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಫಿಟ್ಟಿಂಗ್‌ಗಳೆಲ್ಲ ಬಿಗಿಯಾಗಿದ್ದೂ ಸಾರಜನಕ ಹೋಗದ ಪ್ರಸಂಗ ಒಂದಿದೆ. ನಾಣ್ಯದಷ್ಟು ಅಗಲದ ಬಿಲ್ಲೆಯ ಪೊರೆ, ಒಳಗೆ ನಿಮಿಷಕ್ಕೆ 50 ಮಿ.ಲೀ. ಹೀಲಿಯಂ ಸ್ವೀಪ್. ಸಾರಜನಕ ಶೇ. 0.2ರಲ್ಲಿ ಅಂಟಿಕೊಂಡಿತ್ತು. ಫೀಡಿಗೆ ಆಮ್ಲಜನಕ ಕೊಟ್ಟೆವು, 0.2. ಫೀಡಿನ ಒತ್ತಡ ಏರಿಸಿದೆವು, 0.2. ಕುಲುಮೆ ಆರಿಸಿದೆವು, ಆಗಲೂ 0.2! ಸ್ವೀಪನ್ನು 100ಕ್ಕೆ ಏರಿಸಿದಾಗ ಮಾತ್ರ ಅರ್ಧವಾಯಿತು: 0.1. ಅಂದರೆ ನಿಮಿಷಕ್ಕೆ 0.1 ಮಿ.ಲೀ. ಸಾರಜನಕ ಎಲ್ಲಿಂದಲೋ ಏಕಪ್ರಕಾರವಾಗಿ ಬರುತ್ತಿದೆ, ಬಿಸಿಗೂ ಒತ್ತಡಕ್ಕೂ ಕ್ಯಾರೇ ಅನ್ನದೆ. ಮೂರು ವಾರ ಸೀಲು ಉಜ್ಜಿದೆವು, ಮತ್ತೆ ಅಂಟಿಸಿದೆವು. ಕೊನೆಗೆ ವರ್ಕ್‌ಶಾಪಿನ ಅಣ್ಣ ಬಂದು ಮೇಜಿನ ಹಿಂದೆ ಕೈಹಾಕಿ ಒಂದು ಮೀಟರ್ ಉದ್ದದ ಹಾಲುಬಣ್ಣದ ಮೆತ್ತನೆಯ ಕೊಳವೆ ಎತ್ತಿ ತೋರಿಸಿದರು. "ಇದ್ಯಾಕ್ರೀ ಇಲ್ಲಿ, ಮೆಡಿಕಲ್ ಶಾಪಿಂದು?" ಸ್ಟೀಲ್ ಟ್ಯೂಬ್ ಬಗ್ಗಿಸುವುದು ಕಷ್ಟವೆಂದು ಒಬ್ಬ ವಿದ್ಯಾರ್ಥಿ ಸಿಲಿಕೋನ್ ಟ್ಯೂಬ್ ಹಾಕಿದ್ದ. ಅದರಲ್ಲಿ ತೂತೇನೂ ಇರಲಿಲ್ಲ. ಸಿಲಿಕೋನ್ ರಬ್ಬರಿನೊಳಗೆ ಅನಿಲಗಳು ಕರಗಿ ದಾಟುತ್ತವೆ, ಎರಡು ಮಿ.ಮೀ. ದಪ್ಪದ ಗೋಡೆಯನ್ನೂ. ಲೆಕ್ಕ ಹಾಕಿದರೆ ಆ ಅಳತೆಯ ಒಂದು ಮೀಟರ್ ಕೊಳವೆಗೆ ನಿಮಿಷಕ್ಕೆ 0.1 ಮಿ.ಲೀ. ಸರಿಯಾಗಿ ಬರುತ್ತದೆ. ಗೊತ್ತಿಲ್ಲದೆ ನಾವೇ ಇನ್ನೊಂದು ಪೊರೆಯನ್ನು ಸರಣಿಯಲ್ಲಿ ಜೋಡಿಸಿಕೊಂಡಿದ್ದೆವು. ಸಾಲದ್ದಕ್ಕೆ ಸಿಲಿಕೋನು ಸಾರಜನಕಕ್ಕಿಂತ ಆಮ್ಲಜನಕವನ್ನು ಎರಡು ಪಟ್ಟು ಸಲೀಸಾಗಿ ಬಿಡುವುದರಿಂದ, ಪೊರೆಯ ಹರಿವಿನ ಅಂಕಿಯೂ ಕೆಟ್ಟಿತ್ತು.

94ರ ಪ್ರಸಂಗಕ್ಕೆ ಬರೋಣ. ಆಮ್ಲಜನಕ ಹರಿಸಿ ಇಪ್ಪತ್ತು ನಿಮಿಷಕ್ಕೆ ಸಾರಜನಕ 6ರಿಂದ 0.2ಕ್ಕೆ ಇಳಿಯಿತು. ಹಾಗಾದರೆ ಅಡ್ಡದಾರಿ ಫೀಡಿನ ಕಡೆಯಿಂದಲೇ.

ಎಷ್ಟು ಸೋರುತ್ತಿದೆ

ಗಾಳಿಯಲ್ಲಿ ಸಾರಜನಕ 78.08, ಆಮ್ಲಜನಕ 20.95. ಸೋರಿ ಬಂದ ಪ್ರತಿ ಮಿ.ಲೀ. ಸಾರಜನಕದ ಜೊತೆ 0.27 ಮಿ.ಲೀ. ಆಮ್ಲಜನಕವೂ ಸೋರಿರುತ್ತದೆ. ಪಂಪಿನಿಂದ ನಿಮಿಷಕ್ಕೆ 100 ಮಿ.ಲೀ. ಬರುತ್ತಿದ್ದರೆ ಅದರಲ್ಲಿ 6 ಸಾರಜನಕ, 1.6 ಸೋರಿದ ಆಮ್ಲಜನಕ, ಚೂರು ಆರ್ಗಾನ್. ಪೊರೆ ನಿಜವಾಗಿ ಕೊಟ್ಟದ್ದು 92.3. ಈ ತಿದ್ದುಪಡಿ ಮಾಡದೆ 94 ಎಂದು ಬರೆದುಕೊಂಡವರು ಮುಂದೆ ಸೀಲು ಸರಿಹೋದಾಗ "ಪೊರೆಯ ಹರಿವು ಕಡಿಮೆಯಾಯ್ತು" ಎಂದು ಹೊಸ ದೋಷ ಹುಡುಕಲು ಹೊರಡುತ್ತಾರೆ. ಒಟ್ಟು ಸೋರುತ್ತಿರುವ ಗಾಳಿ 7.7 ಮಿ.ಲೀ. ಈ ಅಂಕಿ ಮುಂದೆ ಬೇಕು.

ಬಿರುಕೋ, ಸೂಜಿರಂಧ್ರಗಳೋ

ಈಗ ಕುಲುಮೆ ಇಳಿಸಲೇಬೇಕು, ನಿಮಿಷಕ್ಕೆ ಎರಡು ಡಿಗ್ರಿಗಿಂತ ಜೋರಾಗಿ ಬೇಡ. ತಣ್ಣಗಾದ ಪೊರೆ ಆಮ್ಲಜನಕವನ್ನೂ ಬಿಡುವುದಿಲ್ಲ. ಆಗ ದಾಟಿದ್ದೆಲ್ಲ ಸೋರಿಕೆಯೇ, ಜಿಸಿಯೂ ಬೇಡ, ಹರಿವಿನ ಮೀಟರ್ ಸಾಕು.

ಅದೇ ನಿರ್ವಾತದಲ್ಲಿ ತಣ್ಣನೆಯ ಸೋರಿಕೆ ಅಳೆದು ಬಿಸಿಯದಕ್ಕೆ ಹೋಲಿಸಿ. ಅಗಲವಾದ ಬಿರುಕಿನಲ್ಲಿ ಅನಿಲ ನೀರಿನಂತೆ ಹರಿಯುತ್ತದೆ. ಬಿಸಿಯಾದಾಗ ಅನಿಲದ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಹೆಚ್ಚುತ್ತದೆ (ದ್ರವಗಳಿಗೆ ತದ್ವಿರುದ್ಧ, ಕಾಯಿಸಿದ ಎಣ್ಣೆ ತೆಳ್ಳಗಾದಂತೆ ಅಲ್ಲ), ಹಿಗ್ಗುತ್ತದೆ ಕೂಡ. ಎರಡೂ ಸೇರಿ 850 ಡಿಗ್ರಿಯಲ್ಲಿ ಅಂಥ ಬಿರುಕಿನ ಸೋರಿಕೆ ಕೋಣೆಯ ಉಷ್ಣತೆಯಲ್ಲಿರುವುದರ ಸುಮಾರು ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಅಣುಗಳು ಒಂದಕ್ಕೊಂದು ಡಿಕ್ಕಿಯಾಗುವುದಕ್ಕಿಂತ ಗೋಡೆಗೇ ಹೆಚ್ಚು ಡಿಕ್ಕಿಯಾಗುವಷ್ಟು ಸಣ್ಣ ರಂಧ್ರಗಳಲ್ಲಾದರೆ ಕೇವಲ ಅರ್ಧಕ್ಕೆ. ಇನ್ನು ಬಿಸಿಯಲ್ಲೂ ತಣ್ಣಗೂ ಒಂದೇ ಇದ್ದರೆ, ಆ ಜಾಗ ಎಂದೂ ಬಿಸಿಯಾಗುವುದೇ ಇಲ್ಲ ಎಂದರ್ಥ: ಕುಲುಮೆಯ ಹೊರಗಿನ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ನೋಡಿ. ಬಿಸಿಯಲ್ಲಿ ಹೆಚ್ಚಾದರೆ ರಂಧ್ರವೇ ಬಾಯಿ ತೆರೆಯುತ್ತಿದೆ, ಹಿಗ್ಗುವಿಕೆಯ ಹೊಂದಾಣಿಕೆ ತಪ್ಪಿದೆ.

ನಮಗೆ ಬಿಸಿಯಲ್ಲಿ 7.7 ಇದ್ದದ್ದು ತಣ್ಣಗೆ 64. ಎಂಟು ಪಟ್ಟಿಗೂ ಮೇಲೆ. ಬಿರುಕು, ಅದೂ ಬಿಸಿ ಭಾಗದಲ್ಲಿ.

ಖಚಿತಪಡಿಸಿಕೊಳ್ಳಲು ಹೀಲಿಯಂ ಪರೀಕ್ಷೆ. ನಿರ್ವಾತ ಬಿಟ್ಟು, ಹೊರಗಿನಿಂದ ವಾತಾವರಣಕ್ಕಿಂತ 200 ಮಿಲಿಬಾರ್ ಹೆಚ್ಚು ಒತ್ತಡದಲ್ಲಿ ಮೊದಲು ಸಾರಜನಕ, ಆಮೇಲೆ ಹೀಲಿಯಂ ಕೊಟ್ಟು ಒಳಗಿನಿಂದ ಬರುವುದನ್ನು ಅಳೆಯಿರಿ. ಹೀಲಿಯಂ ಹಗುರ, ಹಾಗಾಗಿ ಸಣ್ಣ ರಂಧ್ರದಲ್ಲಿ ಸಾರಜನಕದ 2.65 ಪಟ್ಟು ಬರುತ್ತದೆ. ಅದು 28 ಮತ್ತು 4ರ ಭಾಗಲಬ್ಧದ ವರ್ಗಮೂಲ. ಆದರೆ ಅಗಲ ಬಿರುಕಿನಲ್ಲಿ ತೂಕದ ಆಟ ನಡೆಯದು, ಸ್ನಿಗ್ಧತೆಯದೇ ಆಟ. ಹೀಲಿಯಂನ ಸ್ನಿಗ್ಧತೆ ಸಾರಜನಕಕ್ಕಿಂತ ತುಸು ಹೆಚ್ಚು, ಆದ್ದರಿಂದ ಅದು 0.9 ಪಟ್ಟು ಮಾತ್ರ. "ಹೀಲಿಯಂ ಕಡಿಮೆ ಸೋರುತ್ತದೆಯಾ?" ಎಂದು ಹೊಸಬರು ಕಣ್ಣರಳಿಸುವುದು ಇಲ್ಲೇ. ನಮ್ಮಲ್ಲಿ ಸಾರಜನಕ 31, ಹೀಲಿಯಂ 28. ಅನುಪಾತ 0.9. ಇದು ಬರೀ ಅನುಪಾತವಾದ್ದರಿಂದ ಗುಳ್ಳೆಯ ಮೀಟರಿನ ತಿದ್ದುಪಡಿಯ ತಲೆನೋವೂ ಇಲ್ಲ. ಎರಡರ ನಡುವಿನ ಅಂಕಿ, 1.5 ಅಥವಾ 2, ಬಂದರೆ ಎರಡೂ ಬಗೆಯ ದಾರಿಗಳಿವೆ.

2.65ರ ಆಸುಪಾಸು ಬಂದಿದ್ದರೆ ನಾನು ಕೊಳವೆಯನ್ನೇ ಅನುಮಾನಿಸುತ್ತಿದ್ದೆ: ಸುಡುವಾಗ ಸರಿಯಾಗಿ ಒತ್ತಾಗದೆ ಉಳಿದ ರಂಧ್ರಗಳು. ಅವು ರಾತ್ರೋರಾತ್ರಿ ಹುಟ್ಟುವುದಿಲ್ಲ, ಮೊದಲ ದಿನದಿಂದಲೇ ಇರುತ್ತವೆ. ರಾತ್ರೋರಾತ್ರಿ ಹುಟ್ಟುವುದು ಬಿರುಕು.

ಸೀಲು

ಬಿಎಸ್‌ಸಿಎಫ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 20 ಪಾಲು ಹಿಗ್ಗುತ್ತದೆ, ಅದನ್ನು ಹಿಡಿದಿರುವ ಅಲ್ಯುಮಿನಾ 8. ಹತ್ತು ಮಿ.ಮೀ. ವ್ಯಾಸದ ಕೊಳವೆಗೆ 850 ಡಿಗ್ರಿಯಲ್ಲಿ ಇದರ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು, ತಲೆಗೂದಲಿಗಿಂತ ದಪ್ಪ. ಈ ಎಳೆದಾಟವನ್ನೆಲ್ಲ ನಡುವಿನ ಸೀಲು ನುಂಗಿಕೊಳ್ಳಬೇಕು.

ಮೂರು ದಾರಿಗಳಿವೆ. ಬೆಳ್ಳಿಯ ಉಂಗುರ ಮೆತ್ತಗಿದ್ದು ಬಾಗುತ್ತದೆ, ಆದರೆ 961 ಡಿಗ್ರಿಗೆ ಕರಗುವ ಲೋಹ. 900ರ ಮೇಲೆ ಅದನ್ನು ನಂಬಿ ಮಲಗಲಾರೆ. ಗಾಜಿನ ಸೀಲು ಕೆಲಸದ ಉಷ್ಣತೆಯಲ್ಲಿ ಜೇನಿನಂತೆ ಇರುತ್ತದೆ, ಒಂದು ಬಿರುಕು ಬಿದ್ದರೂ ಮತ್ತೆ ಮೆತ್ತಗಾಗಿ ಗಾಯ ಮುಚ್ಚಿಕೊಳ್ಳುತ್ತದೆ. ಆದರೆ ತಣ್ಣಗಾಗುವಾಗ ಗಡುಸಾಗಿ, ಎಳೆತ ತಡೆಯದೆ ಚಟ್ಟನೆ ಸೀಳುತ್ತದೆ. ಪೂರ್ತಿ ಹರಳುಗಟ್ಟಿದ ಗಾಜು-ಸಿರಾಮಿಕ್ ಸೀಲಿಗೆ ಈ ಗುಣಪಡಿಸಿಕೊಳ್ಳುವ ಶಕ್ತಿ ಇಲ್ಲ. ಬೇರಿಯಂ, ಸ್ಟ್ರಾನ್ಷಿಯಂ ಗಾಜಿನೊಳಗೆ ಇಳಿದುಹೋಗುವುದೂ ಉಂಟು, ತಿಂಗಳುಗಳ ಲೆಕ್ಕದಲ್ಲಿ. ಮೂರನೆಯದು ನನಗೆ ಇಷ್ಟವಾದದ್ದು: ಒಂದು ತುದಿ ಮುಚ್ಚಿದ ಉದ್ದ ಕೊಳವೆ ಮಾಡಿ, ತೆರೆದ ತುದಿಯನ್ನು ಕುಲುಮೆಯ ಹೊರಗೆ ತಂದು, 200 ಡಿಗ್ರಿಯೊಳಗೆ ವೈಟಾನ್ ಓ-ರಿಂಗ್‌ನಿಂದ ಮುಚ್ಚುವುದು. ಬಿಸಿ ಸೀಲಿನ ಕಾಟವೇ ಇಲ್ಲ. ಕೊಳವೆಯ ಅರ್ಧ ಉದ್ದ ಸುಮ್ಮನೆ ವ್ಯರ್ಥವಾಗುತ್ತದೆ, ಕೊಳವೆ ಮಾಡುವ ಪುಡಿ ದುಬಾರಿ, ಮೇಲಿನವರು ಒಪ್ಪುವುದಿಲ್ಲ. ನಮ್ಮದು ಗಾಜಿನದೇ.

ಸಾರಜನಕ ಇಲ್ಲ, ಆಮ್ಲಜನಕವೂ ಇಲ್ಲ

ಇದು ಬೇರೆ ಕಾಯಿಲೆ, ಆದರೆ ಮೇಲಿನದರ ಜೊತೆ ಗೊಂದಲ ಮಾಡಿಕೊಳ್ಳುವವರು ಹೆಚ್ಚು. ಶುದ್ಧತೆ 99.6ರಲ್ಲೇ ಇದೆ, ಹರಿವು ಮಾತ್ರ ಇಳಿಯುತ್ತಿದೆ. ಸೀಲು ಮುಟ್ಟಬೇಡಿ.

ಮೊದಲು ಫೀಡ್ ಸಾಕಷ್ಟಿದೆಯೇ ನೋಡಿ. ನಿಮಿಷಕ್ಕೆ ಒಂದು ಲೀಟರ್ ಗಾಳಿಯಲ್ಲಿ ಆಮ್ಲಜನಕ ಇರುವುದೇ 210 ಮಿ.ಲೀ. ಅದರಲ್ಲಿ 150 ಎಳೆದುಕೊಂಡರೆ ಹೊರಬೀಳುವ ಗಾಳಿಯಲ್ಲಿ ಶೇ. 7 ಉಳಿದಿರುತ್ತದೆ, ಕೊಳವೆಯ ಕೊನೆಯ ಭಾಗ ಉಪವಾಸ. ಗಾಳಿ ಎರಡು ಪಟ್ಟು ಮಾಡಿದಾಗ ಹರಿವು ಏರಿದರೆ ದೋಷ ಪೊರೆಯಲ್ಲಿಲ್ಲ.

ಏರದಿದ್ದರೆ ಮೇಲ್ಮೈ. ಬೇರಿಯಂ, ಸ್ಟ್ರಾನ್ಷಿಯಂ ಇರುವ ಪೊರೆಗೆ ಇಂಗಾಲದ ಡೈಆಕ್ಸೈಡ್ ವಿಷ: ಮೈಮೇಲೆ ಕಾರ್ಬೊನೇಟ್ ಕಟ್ಟಿ ಹರಿವು ನಿಮಿಷಗಳಲ್ಲಿ ಕುಸಿಯುತ್ತದೆ. ಶುದ್ಧ ಗಾಳಿ ಕೊಟ್ಟು ಬಿಸಿ ಏರಿಸಿದರೆ ಬಹುಮಟ್ಟಿಗೆ ವಾಪಸು ಬರುತ್ತದೆ. ಹಾಗೆ ಬಂದರೆ ಅದೇ ರೋಗನಿರ್ಣಯ. ಗಂಧಕವಾದರೆ ಸಲ್ಫೇಟ್ ಕಟ್ಟುತ್ತದೆ, ಅದು ಬಿಡುವುದಿಲ್ಲ. ಹೊಗೆ ಅನಿಲದ ಹತ್ತಿರ ಪೊರೆ ಒಯ್ಯುವವರು ಬಿಎಸ್‌ಸಿಎಫ್ ಮರೆತು ಎಲ್‌ಎಸ್‌ಸಿಎಫ್‌ನಂಥ, ಹರಿವು ಕಡಿಮೆಯಾದರೂ ತುಸು ಗಟ್ಟಿ ಜೀವದ ವಸ್ತು ಹಿಡಿಯುವುದು ಇದಕ್ಕೇ. ಬಿಸಿ ಸ್ಟೇನ್‌ಲೆಸ್ ಸ್ಟೀಲಿನಿಂದ ಆವಿಯಾಗಿ ಬರುವ ಕ್ರೋಮಿಯಂ ಕೂಡ ಇದೇ ರೀತಿ ಮೈಗೆ ಹತ್ತುತ್ತದೆ.

ವಾರಗಟ್ಟಲೆ ಮೆಲ್ಲಗೆ ಇಳಿಯುತ್ತಿದ್ದರೆ, ಅದೂ ಸುಮಾರು 850ಕ್ಕಿಂತ ಕೆಳಗೆ ಓಡಿಸುತ್ತಿದ್ದರೆ, ಬಿಎಸ್‌ಸಿಎಫ್‌ನ ಹರಳೇ ಘನಾಕಾರ ಬಿಟ್ಟು ಷಟ್ಕೋನಕ್ಕೆ ತಿರುಗುತ್ತಿರಬಹುದು. ಕರೆಂಟು ಉಳಿಸಲು ಉಷ್ಣತೆ ಇಳಿಸಿದವರಿಗೆ ಸಿಗುವ ಬಳುವಳಿ ಇದು. ಉಷ್ಣತೆ ಅಳೆಯುವ ಥರ್ಮೋಕಪಲ್ ಹಳೆಯದಾಗಿ ತಪ್ಪು ಓದುತ್ತಿದ್ದರೆ, 850 ಎಂದುಕೊಂಡೇ 820ರಲ್ಲಿ ಕೂತಿರುತ್ತೀರಿ. ಅದನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಆ ರಾತ್ರಿ

ಬಿರುಕು, ಬಿಸಿ ಭಾಗದಲ್ಲಿ, ರಾತ್ರೋರಾತ್ರಿ. ಕೊಳವೆಯೇ ಸೀಳಿದ್ದರೆ ಸೋರಿಕೆ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಸಿರಾಮಿಕ್‌ನಲ್ಲಿ ಶುರುವಾದ ಸೀಳು ಸಾಮಾನ್ಯವಾಗಿ ಸುತ್ತು ಹೊಡೆದೇ ನಿಲ್ಲುತ್ತದೆ. ಗಾಜಿನ ಸೀಲೇ ಎಂದು ಮನಸ್ಸು ಹೇಳಿತು. ಲಾಗ್ ತೆರೆದೆವು. ಮೊದಲೇ ನೋಡಬೇಕಿತ್ತು, ನೋಡಿರಲಿಲ್ಲ: ಬೆಳಿಗ್ಗೆ ಪರದೆಯ ಮೇಲೆ 850 ಅಂತ ಕಂಡಿತಲ್ಲ, ರಾತ್ರಿಯಿಡೀ ಹಾಗೇ ಇತ್ತು ಅಂದುಕೊಂಡುಬಿಟ್ಟೆವು. 11:40ಕ್ಕೆ ಕರೆಂಟು ಹೋಗಿತ್ತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಹಾಗಾಗಿ ಲಾಗ್ ನಿಷ್ಠೆಯಿಂದ ಎಲ್ಲವನ್ನೂ ಬರೆದುಕೊಂಡಿತ್ತು. ಗೆರೆ ಕೆಳಗಿಳಿದು, 12:05ಕ್ಕೆ ಕರೆಂಟು ಬಂದ ಕೂಡಲೇ ನೇರ ಮೇಲಕ್ಕೆ. ಗುರಿ 850, ಇರುವುದು ಅದಕ್ಕಿಂತ ಎಷ್ಟೋ ಕೆಳಗೆ ಎಂದು ಕಂಡ ನಿಯಂತ್ರಕ ಪೂರ್ಣ ಶಕ್ತಿ ಹಾಕಿತ್ತು. ನಿಮಿಷಕ್ಕೆ ಇಪ್ಪತ್ತು ಡಿಗ್ರಿ. ನಾವು ಎರಡಕ್ಕೇ ಹೆದರುವವರು.

ಕೊಳವೆ ಹೊರತೆಗೆಯಲಿಲ್ಲ. ನಿಮಿಷಕ್ಕೆ ಎರಡು ಡಿಗ್ರಿಯಂತೆ ಮತ್ತೆ ಏರಿಸಿ, ಈ ಸಲ 900ಕ್ಕೆ ಒಯ್ದು, ನಿರ್ವಾತ ಹಾಕದೆ ಎರಡು ಗಂಟೆ ಬಿಟ್ಟೆವು. ನಿರ್ವಾತ ಇದ್ದರೆ ಮೆತ್ತಗಾದ ಗಾಜನ್ನು ಒಳಕ್ಕೆ ಎಳೆದುಬಿಡುತ್ತದೆ. 850ಕ್ಕೆ ಇಳಿಸಿ ಪಂಪು ಹಾಕಿದಾಗ ಸಾರಜನಕ 0.4. ಎಲ್ಲ ಗಾಜೂ ಹೀಗೆ ಕೂಡಿಕೊಳ್ಳುವುದಿಲ್ಲ. ಮೊದಲ ಪ್ರಯತ್ನದಲ್ಲಿ ಕೂಡದಿದ್ದರೆ ಮೂರನೆಯದರಲ್ಲೂ ಕೂಡುವುದಿಲ್ಲ, ಆಗ ಬಿಚ್ಚಿ.

ಆಮೇಲೆ ಬದಲಾಯಿಸಿದ್ದು ನಿಯಂತ್ರಕದ ಒಂದೇ ಒಂದು ಸೆಟ್ಟಿಂಗ್. ಕರೆಂಟು ಬಂದಾಗ ಹಳೆಯ ಗುರಿಯತ್ತ ಓಡದೆ, ಇರುವ ಉಷ್ಣತೆಯಲ್ಲೇ ನಿಂತು, ಅಲ್ಲಿಂದ ನಿಮಿಷಕ್ಕೆ ಎರಡು ಡಿಗ್ರಿಯಂತೆ ಏರಬೇಕು. ಬಹುತೇಕ ನಿಯಂತ್ರಕಗಳಲ್ಲಿ ಈ ಸೌಲಭ್ಯ ಇರುತ್ತದೆ. ನಮ್ಮದರಲ್ಲೂ ಇತ್ತು, ಕೊಂಡ ದಿನದಿಂದ ಆಫ್ ಆಗಿಯೇ ಕೂತಿತ್ತು.